ಕವಳದ ಕೆಂಪು ಎಲ್ಲಿತ್ತು?

ನಮ್ಮ ದೊಡ್ಡಪ್ಪ ಮಾತಿನ ಮನುಷ್ಯ. ಕೊಪ್ಪದಿಂದ ಸ್ವಲ್ಪ ಒಳಗಿರುವ ನಮ್ಮ ಊರಲ್ಲಿ ಮಳೆಗಾಲ ಅಂದರೆ ಎರಡೇ ಕೆಲಸ. ಹಗಲು ಮಳೆ ಬಿಡುವು ಕೊಟ್ಟಾಗ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸೋದು, ರಾತ್ರಿ ಯಾರದಾದರೂ ಮನೆ ಜಗಲಿಯಲ್ಲಿ ತಾಳಮದ್ದಳೆ. ನೋಡದವರಿಗೆ ಹೇಳೋದಾದರೆ, ತಾಳಮದ್ದಳೆ ಅಂದರೆ ವೇಷ, ಕುಣಿತ ಎರಡೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯದ ಬೆನ್ನು ಹಿಡಿದು ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ, ಆ ಹೊತ್ತಿಗೆ ಹೊಳೆದದ್ದೇ ಮಾತು. ದೊಡ್ಡಪ್ಪನಿಗೆ ವಾಲಿಯ ಪಾತ್ರ ಅಂದರೆ ಪ್ರಾಣ. "ರಾಮನ ಅರ್ಥ ಹೇಳೋದು ಸುಲಭ ಮಾರಾಯ, ಜನ ಮೊದ್ಲೇ ಅವನ ಕಡೆ ಇರ್ತಾರೆ. ಸೋಲೋನ ಪರ ಮಾತಾಡಿ ಜನ ತಲೆದೂಗೋ ಹಾಗೆ ಮಾಡೋದಿದೆಯಲ್ಲ, ಅದಕ್ಕೆ ತಲೆ ಬೇಕು" ಅನ್ನುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಕವಳದ ತಟ್ಟೆ ಮುಂದೆ ಕೂತವರಿಗೆ ಸುಣ್ಣದ ಡಬ್ಬಿ ಮುಚ್ಚಳ ತೆಗೆಯೋಕೆ ಆಗಲಿಲ್ಲ. ಬಲಗೈ ಎತ್ತಿದರೆ ಬರುತ್ತಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟ. ಕಾರಿಗೆ ಹತ್ತಿಸಿ, ಆಗುಂಬೆ ಘಾಟಿ ಇಳಿಸಿ, ಕೆಳಗಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಸುಮಾರು ಹೊತ್ತಾಗಿತ್ತು. ಮಿದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ದೊಡ್ಡಪ್ಪನಿಗೆ ನಿದ್ದೆಯಲ್ಲೇ ಶುರುವಾಗಿತ್ತೋ, ಎದ್ದ ಮೇಲೋ ಯಾರಿಗೂ ಗೊತ್ತಿಲ್ಲ. ಮಲೆನಾಡಿನಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಲ್ಲಿ ಕೂತಿರುವ ನನ್ನಂಥವರು ಆ ನಾಲ್ಕೂವರೆ ಗಂಟೆಯನ್ನು ಮನೆಯವರಿಗೆಲ್ಲ ಹೇಳಿಟ್ಟಿರಬೇಕು. ನಾನು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಜೀವ ಉಳಿಯಿತು, ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಒಂದೇ ಒಂದು ಶಬ್ದ ಉಳಿಯಿತು: "ಅದೇ." ಹಸಿವಾದರೆ "ಅದೇ", ಸಿಟ್ಟು ಬಂದರೆ "ಅದೇ ಅದೇ", ನನ್ನನ್ನು ನೋಡಿದಾಗ ಕಣ್ಣಲ್ಲಿ ನೀರು ತುಂಬಿಕೊಂಡು "ಅದೇ".

ಎರಡು ತಿಂಗಳಾದ ಮೇಲೆ ಮನೆಯಲ್ಲಿ ಒಂದು ಘಟನೆ ನಡೆಯಿತು. ಆಸ್ಪತ್ರೆ ಖರ್ಚಿಗೆ ತೋಟದ ಪಕ್ಕದ ಎರಡು ಎಕರೆ ಮಾರೋಣ ಅಂತ ನೆಂಟರಲ್ಲಿ ಕೆಲವರು ಕಾಗದ ತಂದರು. ದೊಡ್ಡಪ್ಪನ ಎದುರಿಗೇ ಕೂತು, ಅವರು ಅಲ್ಲಿಲ್ಲವೇನೋ ಅನ್ನೋ ಹಾಗೆ ಮಾತಾಡಿದರು. "ಬುದ್ಧಿ ಹೋಗಿದೆ ಪಾಪ, ಎಂತ ಗೊತ್ತಾಗುತ್ತೆ ಅವರಿಗೆ? ಹೆಬ್ಬೆಟ್ಟು ಒತ್ತಿಸಿದರಾಯ್ತು." ಇಂಕ್ ಪ್ಯಾಡ್ ಹತ್ತಿರ ಬಂದಾಗ ದೊಡ್ಡಪ್ಪ ಎಡಗೈಯನ್ನು ಸರಕ್ಕನೆ ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡರು. "ಅದೇ!" ಅಂದರು. ಯಾರಿಗೂ ಏನು ಹೇಳಬೇಕೋ ತಿಳಿಯಲಿಲ್ಲ. ಮಗುವಿನ ಹಟ ಅಂದರು ಒಬ್ಬರು. ದೊಡ್ಡಮ್ಮ ಮಾತ್ರ ಕಾಗದ ಎತ್ತಿ ಬದಿಗಿಟ್ಟರು. "ಅವ್ರು ಎಲ್ಲೂ ಹೋಗಿಲ್ಲ. ಒಳಗೇ ಇದಾರೆ. ಬಾಗ್ಲು ಸಿಕ್ಕಾಕ್ಕಂಡಿದೆ ಅಷ್ಟೆ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ವಿಜ್ಞಾನ ಓದಿದವನು. ಮನಸ್ಸು ಅನ್ನೋದು ಮಿದುಳಿನ ಕೆಲಸ ಅಂತ ಒಪ್ಪಿಕೊಂಡವನು. ಮಿದುಳಿನ ಒಂದು ತುಂಡು ಸತ್ತಿದೆ ಅಂದರೆ ದೊಡ್ಡಪ್ಪನ ಒಂದು ತುಂಡು ಸತ್ತಿದೆ ಅಂತ ತಾನೇ ಲೆಕ್ಕ? ಹಾಗಾದರೆ ನೆಂಟರು ಹೇಳಿದ್ದು ಸರಿಯಾ? ದೊಡ್ಡಮ್ಮ ಹೇಳಿದ್ದು ಬರೀ ಸಮಾಧಾನವಾ? ಆ ಪ್ರಶ್ನೆ ಹಿಡಿದು ಹೊರಟ ನಾನು ಬಂದು ನಿಂತದ್ದು ನಮ್ಮದೇ ಮೂರು ತಾಲ್ಲೂಕುಗಳ ಒಳಗೆ.

* * *

ಮನಸ್ಸು ದೇಹದಿಂದಲೇ ಹುಟ್ಟುತ್ತದೆ ಅನ್ನೋದು ಪಶ್ಚಿಮದಿಂದ ಬಂದ ಮಾತು, ನಮ್ಮವರೆಲ್ಲ ಆತ್ಮ ಅಂದವರು ಅಂತ ನಾನು ತಿಳಿದಿದ್ದೆ. ನೀವೂ ಬಹುಶಃ ಹಾಗೇ ತಿಳಿದಿರುತ್ತೀರಿ. ನಮ್ಮ ಮನೆಯಿಂದ ಬಸ್ಸಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದಾದ ಶೃಂಗೇರಿಯ ಹೆಸರಿಗೇ ಅಂಟಿಕೊಂಡಿರುವ ಒಂದು ಪುಸ್ತಕ ಇದೆ, 'ಸರ್ವದರ್ಶನಸಂಗ್ರಹ'. ವಿಜಯನಗರ ಕಾಲದ್ದು, 14ನೇ ಶತಮಾನದ್ದು, ಬರೆದವರು ಮಾಧವಾಚಾರ್ಯ. ಈ ಮಾಧವರೇ ಮುಂದೆ ಶೃಂಗೇರಿಯ ಪೀಠಾಧಿಪತಿಯಾದ ವಿದ್ಯಾರಣ್ಯರು ಅನ್ನೋದು ಪರಂಪರೆಯ ಮಾತು. ಅಲ್ಲ, ಅದು ಬೇರೆ ಲೇಖಕ ಅನ್ನುವ ವಿದ್ವಾಂಸರೂ ಇದ್ದಾರೆ. ಅದೇನೇ ಇರಲಿ, ಅದ್ವೈತವೇ ಕೊನೆಯ ಮಾತು ಎಂದು ನಂಬಿದವರೊಬ್ಬರು ತಮಗೆ ತಿಳಿದ ದರ್ಶನಗಳನ್ನೆಲ್ಲ ಸಾಲಾಗಿ ಜೋಡಿಸಿ, ಕೆಳಗಿನ ಮೆಟ್ಟಿಲಿಂದ ಮೇಲಕ್ಕೆ ಹತ್ತಿಸುವ ಪುಸ್ತಕ ಅದು. ಮೊದಲ ಮೆಟ್ಟಿಲು ಯಾರು ಗೊತ್ತಾ? ಚಾರ್ವಾಕರು. ದೇವರಿಲ್ಲ, ಪರಲೋಕವಿಲ್ಲ, ದೇಹಕ್ಕಿಂತ ಬೇರೆ ಆತ್ಮವಿಲ್ಲ ಅಂದವರು.

ಅವರ ವಾದ ಸರಳ. ಮಣ್ಣು, ನೀರು, ಬೆಂಕಿ, ಗಾಳಿ ಇವು ನಾಲ್ಕೇ ಇರುವುದು. ಇವು ದೇಹದ ರೂಪದಲ್ಲಿ ಸೇರಿದಾಗ ಅರಿವು ಹುಟ್ಟುತ್ತದೆ, ದೇಹ ಬಿಚ್ಚಿಕೊಂಡಾಗ ಅರಿವೂ ಇಲ್ಲವಾಗುತ್ತದೆ. ಬಿಡಿಬಿಡಿಯಾಗಿ ಯಾವುದರಲ್ಲೂ ಇಲ್ಲದ ಗುಣ ಸೇರಿಕೆಯಲ್ಲಿ ಎಲ್ಲಿಂದ ಬಂತು ಅಂತ ಕೇಳಿದರೆ ಅವರು ಹೆಂಡದ ಉದಾಹರಣೆ ಕೊಡುತ್ತಾರೆ. ಹೆಂಡಕ್ಕೆ ಹಾಕುವ ಸಾಮಾನಿನಲ್ಲಿ ಮತ್ತು ಇಲ್ಲ. ಹುಳಿ ಬಂದ ಮೇಲೆ ಇದೆ.

ಇನ್ನೊಂದು ಪುಸ್ತಕ ಇದೆ, 'ಸರ್ವಸಿದ್ಧಾಂತಸಂಗ್ರಹ'. ಇದು ಶಂಕರಾಚಾರ್ಯರ ಹೆಸರಿನಲ್ಲೇ ಪ್ರಚಾರದಲ್ಲಿದೆ. ಅವರದ್ದಲ್ಲ, ಆಮೇಲಿನದು ಅನ್ನುವವರೇ ಹೆಚ್ಚು. 1909ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಇದರಲ್ಲಿ ಲೋಕಾಯತರು ಕೊಡುವ ಉದಾಹರಣೆ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಜಡವಸ್ತುಗಳಲ್ಲಿ ಕಾಣಿಸುವ ಚೈತನ್ಯ ಎಂಥದು ಅಂದರೆ, ವೀಳ್ಯದೆಲೆ, ಅಡಿಕೆ, ಸುಣ್ಣ ಸೇರಿದಾಗ ಏಳುವ ಕೆಂಪಿನ ಹಾಗೆ ಅಂತೆ!

ಎಲೆ ಹಸಿರು. ಸುಣ್ಣ ಬಿಳಿ. ಅಡಿಕೆ ಕಂದು. ಜಗಿದರೆ ಕೆಂಪು. ಆ ಕೆಂಪು ಎಲ್ಲಿತ್ತು? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಹುಟ್ಟಿದ ಮಗುವಿಗೂ ಈ ಪ್ರಶ್ನೆ ಅರ್ಥವಾಗುತ್ತದೆ. ಮೂರೂ ತಾಲ್ಲೂಕಿನ ಬದುಕು ನಿಂತಿರೋದೇ ಅಡಿಕೆ ಮೇಲೆ. ಹಳದಿ ಎಲೆ ರೋಗ ಬಂದು ತೋಟಕ್ಕೆ ತೋಟವೇ ಹೋದ ಮನೆಗಳಲ್ಲೂ ಎಲೆಯಡಿಕೆ ತಟ್ಟೆ ಮಾತ್ರ ಜಗಲಿಯಿಂದ ಕದಲಿಲ್ಲ. ದೊಡ್ಡಪ್ಪ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಕೆಲಸ, ಮನಸ್ಸು ಹೇಗೆ ಹುಟ್ಟುತ್ತದೆ ಎಂಬ ವಾದಕ್ಕೆ ಸಾಕ್ಷಿಯಾಗಿ ಕೂತಿದೆ.

ಇದರಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ಚಾರ್ವಾಕರ ಮೂಲ ಸೂತ್ರಗ್ರಂಥ ಈಗ ಪೂರ್ತಿಯಾಗಿ ಸಿಗುವುದಿಲ್ಲ. ಅವರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವರ ವಿರೋಧಿಗಳು ಬರೆದಿಟ್ಟದ್ದು. ಎದುರಾಳಿಯ ವಾದವನ್ನು ಮೊದಲು ನೆಟ್ಟಗೆ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು ಅನ್ನೋದು ಶಾಸ್ತ್ರದ ಪದ್ಧತಿ. ಅದಕ್ಕೆ ಪೂರ್ವಪಕ್ಷ ಅನ್ನುತ್ತಾರೆ. ವಾಲಿಯ ಅರ್ಥ ಹೇಳುವ ದೊಡ್ಡಪ್ಪ ಮಾಡುತ್ತಿದ್ದದ್ದು ಇದನ್ನೇ. ಗೇಲಿ, ಬೈಗುಳ ಸೇರಿಕೊಂಡಿದ್ದರೂ, ಪೂರ್ವಪಕ್ಷ ಅನ್ನೋದು ಇಲ್ಲದಿದ್ದರೆ ಚಾರ್ವಾಕರ ದನಿ ಇವತ್ತು ನಮಗೆ ಕೇಳಿಸುತ್ತಲೇ ಇರಲಿಲ್ಲ.

ಹಾಗಾದರೆ ಉತ್ತರ ಏನು? ಅದು ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿದೆ, ಮೂರನೇ ಅಧ್ಯಾಯದ ಮೂರನೇ ಪಾದದಲ್ಲಿ. ಅಲ್ಲಿ ಎರಡು ಮಾತು ನನಗೆ ಮುಖ್ಯ ಅನ್ನಿಸಿತು. ಒಂದು, ಅರಿವು ದೇಹದ್ದೇ ಗುಣ ಆಗಿದ್ದರೆ ರೂಪ, ಬಣ್ಣದ ಹಾಗೆ ಹೆಣದಲ್ಲೂ ಇರಬೇಕಿತ್ತು, ಯಾಕಿಲ್ಲ? ಎರಡು, ದೇಹ ಇದ್ದಾಗ ಮಾತ್ರ ಅರಿವು ಇರುತ್ತದೆ ಅಂದ ಮಾತ್ರಕ್ಕೆ ಅರಿವು ದೇಹದ್ದು ಅಂತ ಆಗುವುದಿಲ್ಲ. ಕತ್ತಲಲ್ಲಿ ನೋಡಲು ದೀಪ ಬೇಕು, ದೀಪ ಆರಿದರೆ ಕಾಣಿಸುವುದಿಲ್ಲ. ಆದರೆ ನೋಡುತ್ತಿರುವುದು ದೀಪ ಅಲ್ಲವಲ್ಲ!

ಮೊದಲನೆಯದಕ್ಕೆ ಇವತ್ತಿನ ವಿಜ್ಞಾನದಲ್ಲಿ ಸುಲಭದ ಉತ್ತರ ಇದೆ. ಅರಿವು ಬಣ್ಣದಂಥ ಗುಣ ಅಲ್ಲ, ಅದು ನಡೆಯುತ್ತಿರುವ ಕೆಲಸ. ಓಟ ನಿಂತ ಮೇಲೆ ಕಾಲಿನಲ್ಲಿ ಓಟವನ್ನು ಹುಡುಕುವುದಿಲ್ಲವಲ್ಲ, ಹಾಗೆ. ಎರಡನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1898ರಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿದ. ಮಿದುಳು ಮನಸ್ಸನ್ನು ಹುಟ್ಟಿಸುವ ಯಂತ್ರವೋ, ಎಲ್ಲಿಂದಲೋ ಬರುವ ಬೆಳಕನ್ನು ಹಾಯಿಸಿಕೊಡುವ ಗಾಜೋ? ನಮ್ಮ ದೊಡ್ಡಮ್ಮ ಜೇಮ್ಸನ್ನೂ ಓದಿಲ್ಲ, ಭಾಷ್ಯವನ್ನೂ ಓದಿಲ್ಲ. ಆದರೆ ಬಾಗಿಲು ಸಿಕ್ಕಿಕೊಂಡಿದೆ ಅಂದಾಗ ಅವರು ಹೇಳಿದ್ದು ಇದೇ ವಾದ.

* * *

ಮೂರನೇ ತಿಂಗಳಿಂದ ದೊಡ್ಡಪ್ಪನನ್ನು ಮಾತಿನ ತರಬೇತಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ದಾರಿ ನರಸಿಂಹರಾಜಪುರದ ಮೇಲೆ. ಅಲ್ಲಿ ಸಿಂಹನಗದ್ದೆ ಬಸದಿಯಲ್ಲಿ ಜ್ವಾಲಾಮಾಲಿನಿಗೆ ಕೈ ಮುಗಿದು ಹೋಗೋದು ದೊಡ್ಡಮ್ಮನ ರೂಢಿ. ನಾವು ಜೈನರಲ್ಲ. ನಮ್ಮ ಕಡೆ ಅದನ್ನೆಲ್ಲ ಯಾರೂ ಕೇಳುವುದಿಲ್ಲ.

ಜೈನರ ಹತ್ತಿರ ಈ ಪ್ರಶ್ನೆಗೆ ಮೂರನೇ ಉತ್ತರ ಇದೆ, ಅಲ್ಲೂ ಒಂದು ದೀಪ ಇದೆ. ದೀಪವನ್ನು ಸಣ್ಣ ಕೋಣೆಯಲ್ಲಿಟ್ಟರೆ ಅಷ್ಟನ್ನೇ ಬೆಳಗುತ್ತದೆ, ದೊಡ್ಡ ಕೋಣೆಯಲ್ಲಿಟ್ಟರೆ ಹರಡಿಕೊಳ್ಳುತ್ತದೆ. ಜೀವವೂ ಹಾಗೆ, ಇರುವೆಯಲ್ಲಿ ಇರುವೆಯಷ್ಟು, ಆನೆಯಲ್ಲಿ ಆನೆಯಷ್ಟು. ದೇಹದ ತುಂಬ ಇರುತ್ತದೆ, ಆದರೆ ದೇಹ ಅಲ್ಲ. ಇದನ್ನೂ ಅವರು ಸುಮ್ಮನೆ ಹೇಳಿಬಿಡಲಿಲ್ಲ, ವಾದ ಮಾಡಿಯೇ ಹೇಳಿದರು. ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲಿ, ಜಿನಸೇನರು ಸಂಸ್ಕೃತದಲ್ಲಿ ಬರೆದ ಆದಿಪುರಾಣದಲ್ಲಿ ಮಹಾಬಲ ಅನ್ನೋ ರಾಜನ ಸಭೆ ಬರುತ್ತದೆ. ನಾಲ್ವರು ಮಂತ್ರಿಗಳು. ಅವರಲ್ಲಿ ಮಹಾಮತಿ ಅನ್ನುವವನು ಚಾರ್ವಾಕರ ಪಕ್ಷ ಹಿಡಿದು, ಜೀವ ಅನ್ನೋದು ಭೂತಗಳ ಸೇರಿಕೆ ಅಷ್ಟೆ ಅನ್ನುತ್ತಾನೆ. ಅವನನ್ನು ಎದುರಿಸುವವನು ಸ್ವಯಂಬುದ್ಧ. ಓದಿದರೆ ಒಳ್ಳೆ ತಾಳಮದ್ದಳೆ.

ಜೈನರ ಶ್ವೇತಾಂಬರ ಆಗಮದಲ್ಲೂ ಬೌದ್ಧರ ಪಾಲಿ ಗ್ರಂಥದಲ್ಲೂ ಇನ್ನೊಬ್ಬ ರಾಜ ಬರುತ್ತಾನೆ. ಬೌದ್ಧರು ಪಾಯಾಸಿ ಅನ್ನುತ್ತಾರೆ, ಜೈನರು ಪಏಸಿ. ಇವನು ಬರೀ ವಾದ ಮಾಡುವವನಲ್ಲ, ಪ್ರಯೋಗ ಮಾಡುವವನು. ಕ್ರೂರ ಪ್ರಯೋಗ. ಕಳ್ಳನನ್ನು ಪಾತ್ರೆಯೊಳಗೆ ಹಾಕಿ, ಬಾಯಿ ಭದ್ರ ಮಾಡಿ ಸಾಯಿಸಿ, ಜೀವ ಹೊರಗೆ ಹೋದ ಗುರುತು ಏನಾದರೂ ಕಾಣಿಸುತ್ತದಾ ಅಂತ ಹುಡುಕಿದ. ಬದುಕಿದ್ದಾಗಲೂ ಸತ್ತ ಮೇಲೂ ತೂಗಿ ನೋಡಿದ. ಏನೂ ಸಿಗಲಿಲ್ಲ, ಆದ್ದರಿಂದ ಜೀವ ಅನ್ನೋದೇ ಇಲ್ಲ ಎಂದ. ಎಷ್ಟೋ ಶತಮಾನ ಆದ ಮೇಲೆ 1907ರಲ್ಲಿ ಅಮೆರಿಕದ ಡಂಕನ್ ಮೆಕ್‌ಡೂಗಲ್ ಅನ್ನುವ ವೈದ್ಯ ಸಾಯುತ್ತಿದ್ದ ಆರು ಜನರನ್ನು ತಕ್ಕಡಿಯ ಮೇಲೆ ಮಲಗಿಸಿ ಇದನ್ನೇ ಮಾಡಿದ. ನೀವು ಸಿನಿಮಾ ಹೆಸರಲ್ಲಿ ಕೇಳಿರುವ '21 ಗ್ರಾಂ' ಅಲ್ಲಿಂದ ಬಂದದ್ದು. ಅವನ ಲೆಕ್ಕ ಯಾವ ಪರೀಕ್ಷೆಯಲ್ಲೂ ನಿಲ್ಲಲಿಲ್ಲ. ರಾಜ, ವೈದ್ಯ ಇಬ್ಬರೂ ಮಾಡಿದ ತಪ್ಪು ಒಂದೇ. ಜೀವ ಇದ್ದರೆ ಅದು ವಸ್ತುವಿನ ಹಾಗೆ ಎಲ್ಲೋ ಇಟ್ಟಿರಬೇಕು ಅಂದುಕೊಂಡರು. ಕೆಂಪನ್ನು ಹುಡುಕಲು ಸುಣ್ಣದ ಡಬ್ಬಿ ತೆಗೆದು ನೋಡಿದ ಹಾಗಾಯಿತು.

* * *

ಸರಿಯಾದ ಜಾಗದಲ್ಲಿ ಸರಿಯಾದ ಪ್ರಶ್ನೆ ಕೇಳಿದವನು ಪಾಲ್ ಬ್ರೋಕಾ, ಪ್ಯಾರಿಸಿನ ಸರ್ಜನ್. 1861ರ ಏಪ್ರಿಲಿನಲ್ಲಿ ಅವನ ಹತ್ತಿರ ಲೆಬೋರ್ನ್ ಅನ್ನೋ ರೋಗಿ ಬಂದ. ಇಪ್ಪತ್ತೊಂದು ವರ್ಷದಿಂದ ಆಸ್ಪತ್ರೆಯಲ್ಲಿದ್ದವನು. ಏನು ಕೇಳಿದರೂ ಅವನು ಹೇಳುತ್ತಿದ್ದದ್ದು ಒಂದೇ ಶಬ್ದ, "ಟಾನ್". ಅದೇ ಅವನ ಅಡ್ಡಹೆಸರಾಗಿ ಹೋಗಿತ್ತು. ಆದರೆ ಕೇಳಿದ್ದು ಬಹುಪಾಲು ಅವನಿಗೆ ಅರ್ಥವಾಗುತ್ತಿತ್ತು. ಕೆಲವೇ ದಿನದಲ್ಲಿ ಅವನು ತೀರಿಕೊಂಡ. ಬ್ರೋಕಾ ಮಿದುಳು ತೆಗೆದು ನೋಡಿದಾಗ ಎಡಗಡೆ ಮುಂಭಾಗದಲ್ಲಿ ಒಂದು ಕಡೆ ಹಾಳಾಗಿತ್ತು. ಮಾತು ಹೊರಡಿಸುವ ಕೆಲಸಕ್ಕೆ ಒಂದು ಜಾಗ ಇದೆ ಅಂತ ಗೊತ್ತಾದದ್ದು ಹಾಗೆ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ಉಲ್ಟಾ ಇರುವ ರೋಗಿಗಳ ಬಗ್ಗೆ ಬರೆದ. ಅವರಿಗೆ ಹಾಳಾದದ್ದು ಎಡಗಡೆಯೇ, ಆದರೆ ಹಿಂದಿನ ಭಾಗ. ಇವರು ಸಲೀಸಾಗಿ ಮಾತಾಡುತ್ತಾರೆ, ಮಾತಿಗೆ ಅರ್ಥ ಇರುವುದಿಲ್ಲ, ಎದುರಿನವರು ಹೇಳಿದ್ದೂ ತಲೆಗೆ ಹೋಗುವುದಿಲ್ಲ.

"ಟಾನ್" ಓದುವಾಗ ನನಗೆ "ಅದೇ" ಕೇಳಿಸುತ್ತಿತ್ತು.

ಶಿವಮೊಗ್ಗದಲ್ಲಿ ಮಾತಿನ ತರಬೇತಿ ಕೊಡುತ್ತಿದ್ದ ಮೇಡಂ ಚಿಕ್ಕ ವಯಸ್ಸಿನವರು. ಮೊದಲ ದಿನ ದೊಡ್ಡಪ್ಪನಿಗೆ ಎಷ್ಟು ಅರ್ಥವಾಗುತ್ತದೆ ಅಂತ ನೋಡಲು ಸುಲಭದ ಪ್ರಶ್ನೆ ಕೇಳಿದರು. ಹೌದು ಅಂದರೆ ಎಡಗೈ ಎತ್ತಿ, ಅಲ್ಲ ಅಂದರೆ ಅಡ್ಡ ಆಡಿಸಿ. ಈಗ ರಾತ್ರಿಯಾ? ಅಡ್ಡ. ನೀವು ಕೊಪ್ಪದವರಾ? ಮೇಲೆ. ಕಲ್ಲು ನೀರಲ್ಲಿ ತೇಲುತ್ತಾ?

ದೊಡ್ಡಪ್ಪ ತಡೆದರು. ಕೈ ಅರ್ಧ ಎತ್ತಿದರು, ಇಳಿಸಿದರು, ತಕ್ಕಡಿ ಹಾಗೆ ತೂಗಾಡಿಸಿದರು. ಆಮೇಲೆ ನಗೋಕೆ ಶುರು ಮಾಡಿದರು, ಸೊಟ್ಟ ಬಾಯಲ್ಲೇ. ಮೇಡಂ ಗಾಬರಿಯಾಗಿ ನಮ್ಮನ್ನು ನೋಡಿದರು. ದೊಡ್ಡಮ್ಮ ಹೇಳಿದರು, "ಸೇತುವೆ ಕಟ್ಟಿದ ಪ್ರಸಂಗ ನೆನಪಾಯ್ತು ಅವ್ರಿಗೆ. ಅಲ್ಲಿ ತೇಲುತ್ತಲ್ಲ!"

ಆ ಕೋಣೆಯಲ್ಲಿ ನನಗೆ ಉತ್ತರ ಸಿಕ್ಕಿತು. ಮನಸ್ಸು ಮಿದುಳಿನಿಂದಲೇ ಆಗಿದೆ ಅನ್ನೋ ಮಾತಿಗೆ ನಾನು ಹೆದರಿದ್ದೆ. ಹಾಗಂದರೆ ಮನುಷ್ಯನನ್ನು ಮಾಂಸದ ಮುದ್ದೆ ಮಾಡಿದ ಹಾಗೆ, ಮುದ್ದೆ ಕೆಟ್ಟರೆ ಮನುಷ್ಯ ಮುಗಿದ ಹಾಗೆ ಅಂತ. ನಿಜ ಹೇಳಬೇಕೆಂದರೆ ಆಗಿದ್ದು ಪೂರ್ತಿ ಉಲ್ಟಾ. ಬುದ್ಧಿ ಅನ್ನೋದು ಒಂದೇ ಇಡೀ ಗಟ್ಟಿ, ಮಾತು ಹೋದರೆ ಅದೂ ಹೋಯಿತು ಅಂದುಕೊಂಡವರು ಹೆಬ್ಬೆಟ್ಟು ಒತ್ತಿಸಲು ಬಂದರು. ಮಿದುಳಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಭಾಗ ಹೆಚ್ಚು ದುಡಿಯುತ್ತದೆ ಅಂತ ಗೊತ್ತಿದ್ದವರು, ಮಾತು ಹೋದರೂ ತಿಳಿವಳಿಕೆ ಉಳಿದಿರಬಹುದು ಅಂತ ಪ್ರಶ್ನೆ ಕೇಳಿ ನೋಡಿದರು. ದೊಡ್ಡಪ್ಪನನ್ನು ಮತ್ತೆ ಮನೆಯ ಯಜಮಾನನಾಗಿ ಕೂರಿಸಿದ್ದು ಬ್ರೋಕಾನ ತಿಳಿವಳಿಕೆ. ದೊಡ್ಡಮ್ಮ ಅದೇ ಜಾಗಕ್ಕೆ ಇನ್ನೊಂದು ದಾರಿಯಲ್ಲಿ, ನನಗಿಂತ ಮೊದಲೇ ಹೋಗಿ ನಿಂತಿದ್ದರು.

ಮೇಡಂ ಇನ್ನೊಂದು ಮಾತು ಹೇಳಿದರು: ಹಾಡಿಸಿ ನೋಡಿ. ಮಾತು ಹೋದವರಿಗೆ ಹಾಡು ಉಳಿದಿರುವುದು ಹೊಸ ವಿಷಯ ಅಲ್ಲ. ಮಾತು ನಿಂತ ಒಬ್ಬ ಮನುಷ್ಯ ಗೊತ್ತಿದ್ದ ಪ್ರಾರ್ಥನೆ ಗೀತೆಗಳನ್ನು ಹಾಡುತ್ತಿದ್ದ ಅಂತ 1745ರಲ್ಲೇ ಸ್ವೀಡನ್ನಿನ ಒಲಾಫ್ ಡಾಲಿನ್ ಬರೆದಿದ್ದಾನೆ. ರಾಗಕ್ಕೆ ಮಿದುಳಿನ ಬಲಭಾಗವೂ ದುಡಿಯುತ್ತದೆ. ಬಾಯಿಪಾಠ ಆಗಿರುವುದು ಹೊಸದಾಗಿ ಕಟ್ಟಬೇಕಾದ ಮಾತಿನ ದಾರಿಯನ್ನೇ ಹಿಡಿಯಬೇಕಾಗಿಲ್ಲ. 1973ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಇದನ್ನೇ ಹಿಡಿದು, ಮಾತನ್ನು ರಾಗದಲ್ಲಿ ಹೇಳಿಸುವ ಒಂದು ಚಿಕಿತ್ಸೆಯನ್ನು ರೂಪಿಸಿದರು.

ಅವತ್ತು ಸಂಜೆ ಮನೆಗೆ ಬಂದು ತಾಳ ತೆಗೆದುಕೊಂಡು ನನಗೆ ಗೊತ್ತಿದ್ದ ವಾಲಿಯ ಪದ್ಯ ಒಂದನ್ನು ಹೇಗೋ ಶುರು ಮಾಡಿದೆ. ನನ್ನ ಸ್ವರ ಕೇಳಲಾರದೆ ಹೌದೋ ಏನೋ, ಎರಡನೇ ಸಾಲಿಗೆ ದೊಡ್ಡಪ್ಪ ಹಿಡಿದುಕೊಂಡರು. ಪೂರ್ತಿ ಪದ್ಯ. ಒಂದಕ್ಷರ ತಪ್ಪಲಿಲ್ಲ. ಪದ್ಯ ಮುಗಿದ ಮೇಲೆ ಅಭ್ಯಾಸಬಲದಲ್ಲಿ ಅರ್ಥ ಹೇಳಲು ಬಾಯಿ ತೆರೆದರು. ಬಂದದ್ದು "ಅದೇ". ದೊಡ್ಡಮ್ಮ ಒಳಗೆ ಹೋಗಿಬಿಟ್ಟರು.

* * *

ಇನ್ನು ಅಡಿಕೆಯ ಕತೆಗೆ ವಾಪಸ್. ಲೋಕಾಯತರಿಗೆ ಅಡಿಕೆ ಬರೀ ಉದಾಹರಣೆ. ಅದು ಮುಂದೊಂದು ದಿನ ಅವರ ವಾದಕ್ಕೆ ಪುರಾವೆಯನ್ನೂ ಒದಗಿಸುತ್ತದೆ ಅಂತ ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಕವಳ ಹಾಕಿದವರಿಗೆ ಗೊತ್ತು, ಹೊಸಬರಿಗೆ ಅಡಿಕೆ 'ಹಿಡಿಯುತ್ತದೆ'. ಬೆವರುತ್ತದೆ, ತಲೆ ಗಿರ್ ಅನ್ನುತ್ತದೆ. ರೂಢಿಯಾದವರಿಗೆ ಮೈಯೆಲ್ಲ ಚುರುಕು. ಇದಕ್ಕೆ ಕಾರಣ ಅರೆಕೋಲಿನ್ ಅನ್ನೋ ವಸ್ತು. 1888ರಲ್ಲಿ ಜರ್ಮನಿಯ ಯಾನ್ಸ್ ಅಡಿಕೆಯಿಂದ ಇದನ್ನು ಬೇರ್ಪಡಿಸಿದ. ಅದು ಒಳಗೆ ಹೋಗಿ ಮಾಡುವುದೇನು ಅಂತ ತಿಳಿಯಬೇಕಾದರೆ ಇನ್ನೊಂದು ಪ್ರಯೋಗ ಆಗಬೇಕಿತ್ತು. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೋ ಲೋವಿ ಎರಡು ಕಪ್ಪೆಯ ಹೃದಯ ತೆಗೆದುಕೊಂಡ. (ತುಂಗೆಯ ಮೆಟ್ಟಿಲ ಮೇಲೆ ಕಪ್ಪೆ ಶಂಕರನಿಗೆ ಕೈ ಮುಗಿದು ಬೆಳೆದ ನಮಗೆ ಕಪ್ಪೆಯ ಪಾಡು ನೆನೆದು ಪಾಪ ಅನ್ನಿಸುತ್ತದೆ.) ಒಂದರ ನರವನ್ನು ಕೆರಳಿಸಿ ಅದರ ಬಡಿತ ನಿಧಾನ ಮಾಡಿದ. ಅದು ಮುಳುಗಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದ. ಅದೂ ನಿಧಾನವಾಯಿತು. ನರ ತನ್ನ ಸುದ್ದಿ ಮುಟ್ಟಿಸುವುದು ರಾಸಾಯನಿಕದ ಮೂಲಕ ಅಂತಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. ಮಿದುಳಿನಲ್ಲೂ ಅದು ಇದೆ. ಗಮನ, ನೆನಪು, ಕನಸಿನ ನಿದ್ದೆ ಇವುಗಳಲ್ಲೆಲ್ಲ ಅದರ ಕೈ ಇದೆ. ನಮ್ಮ ಅಡಿಕೆಯ ಅರೆಕೋಲಿನ್ ಹೋಗಿ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲೇ ಕೂರುತ್ತದೆ.

1978ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅರೆಕೋಲಿನ್ ಕೊಟ್ಟಾಗ ಆರೋಗ್ಯವಂತರು ಪದಗಳ ಪಟ್ಟಿಯನ್ನು ಬೇಗ ಕಲಿತರು. ಅಸಿಟೈಲ್‌ಕೋಲಿನ್ ಕೆಲಸವನ್ನು ತಡೆಯುವ ಇನ್ನೊಂದು ಔಷಧಿ ಕೊಟ್ಟಾಗ ಕಲಿಕೆ ಕುಂಟಿತು. ಆಮೇಲೆ ಔಷಧಿ ಕಂಪನಿಗಳು ಅರೆಕೋಲಿನ್‌ನ ರಚನೆಯನ್ನೇ ಮಾದರಿಯಾಗಿಟ್ಟುಕೊಂಡು, ತಿದ್ದಿ, ಜಾನೋಮೆಲಿನ್ ಅನ್ನೋ ಅಣುವನ್ನು ಕಟ್ಟಿದವು. ಅಲ್ಝೈಮರ್ ರೋಗಿಗಳ ನೆನಪಿಗೆ ಅಂತ ಕೊಟ್ಟು ನೋಡಿದಾಗ, ಅವರ ಭ್ರಮೆ, ಇಲ್ಲದ್ದು ಕಾಣಿಸೋದು, ಕಿರುಚಾಟ ಕಡಿಮೆಯಾದವು ಅಂತ 1997ರಲ್ಲಿ ವರದಿಯಾಯಿತು. ಅಡ್ಡಪರಿಣಾಮ ಜಾಸ್ತಿ ಅಂತ ಮೂಲೆಗೆ ಬಿದ್ದಿತ್ತು. ಆ ಅಡ್ಡಪರಿಣಾಮಗಳನ್ನು ಮಿದುಳಿನ ಹೊರಗೇ ತಡೆಯುವ ಇನ್ನೊಂದು ಔಷಧಿ ಜೊತೆ ಸೇರಿಸಿ, ಸ್ಕಿಝೋಫ್ರೀನಿಯಾ ಚಿಕಿತ್ಸೆಗೆ ಅಂತ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಾರೋ ಕಿವಿಯಲ್ಲಿ ಮಾತಾಡುತ್ತಿದ್ದಾರೆ ಅನ್ನೋ ಮನಸ್ಸಿನ ಅನುಭವವನ್ನು, ಅಡಿಕೆಯ ಅಣುವಿನ ದೂರದ ನೆಂಟನೊಬ್ಬ ಶಾಂತ ಮಾಡಬಲ್ಲ. ಮನಸ್ಸಿಗೂ ವಸ್ತುವಿಗೂ ಸಂಬಂಧ ಇದೆಯಾ ಅಂತ ಇನ್ನು ಕೇಳಬೇಕಾಗಿಲ್ಲ.

ಇದನ್ನು ಓದಿ ಯಾರೂ ಕವಳ ಶುರು ಮಾಡಬೇಡಿ. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ಅಡಿಕೆ ಮಾರಿದ ದುಡ್ಡಲ್ಲಿ ಓದಿದ ನಾನು ಇದನ್ನು ಬರೆಯೋದು ಸುಲಭ ಅಲ್ಲ. ಆದರೆ ಪೂರ್ವಪಕ್ಷವನ್ನು ಬಚ್ಚಿಟ್ಟರೆ ಹೇಗೆ?

* * *

ಬೆಂಗಳೂರಿನಲ್ಲಿರುವವರು ಒಂದು ಶನಿವಾರ ಬಿಡುವು ಮಾಡಿಕೊಂಡು ನಿಮ್ಹಾನ್ಸ್‌ನ ಮಿದುಳಿನ ಮ್ಯೂಸಿಯಂಗೆ ಹೋಗಿ ಬನ್ನಿ. ಹೋಗೋ ಮೊದಲು ಸಮಯ ವಿಚಾರಿಸಿಕೊಳ್ಳಿ. ಜಾಡಿಗಳಲ್ಲಿ ಸಾಲುಸಾಲು ಮಿದುಳು. ಪಾರ್ಶ್ವವಾಯು ಆದದ್ದು, ಗಡ್ಡೆ ಬೆಳೆದದ್ದು, ಅಲ್ಝೈಮರ್‌ನಿಂದ ಸವೆದದ್ದ. ನಾನು ಹೋದಾಗ ಒಂದು ಮಿದುಳನ್ನು ಕೈಯಲ್ಲಿ ಹಿಡಿಯಲು ಕೊಟ್ಟರು. ಕಿಲೋ ಮುನ್ನೂರು ನಾನೂರು ಗ್ರಾಂ ಇರಬಹುದು. ಇದರಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ ಅಂತ ಲೆಕ್ಕ. ಇದನ್ನು ಹೊತ್ತು ತಿರುಗಿದ ಮನುಷ್ಯನಿಗೆ ಯಾರ ಪದ್ಯ ಬಾಯಿಪಾಠ ಇತ್ತೋ ಅಂತ ಯೋಚನೆ ಬಂತು. ಕೈ ನಡುಗಿತು, ವಾಪಸ್ ಕೊಟ್ಟೆ.

ಕವಳದ ಕೆಂಪಿನ ಗುಟ್ಟು ಈಗ ನಮಗೆ ಗೊತ್ತು. ಸುಣ್ಣ ಕ್ಷಾರ. ಅದರ ಜೊತೆ ಸೇರಿದಾಗ ಅಡಿಕೆಯ ಚೊಗರಿನ ಅಂಶಗಳು ಗಾಳಿಯೊಡನೆ ಬೆರೆತು ಬದಲಾಗಿ ಕೆಂಪಾಗುತ್ತವೆ. ಅಲ್ಲಿಗೆ ಕೆಂಪಿನ ಲೆಕ್ಕ ಚುಕ್ತಾ. ಮನಸ್ಸಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಯಾವ ಭಾಗ ಏನು ಮಾಡುತ್ತದೆ, ಯಾವ ರಾಸಾಯನಿಕ ಎಲ್ಲಿ ಕೂರುತ್ತದೆ ಅಂತ ಬಹಳಷ್ಟು ಗೊತ್ತಾಗಿದೆ. ಇಷ್ಟೆಲ್ಲ ನಡೆದಾಗ ಒಳಗೆ ಒಂದು ಅನುಭವ ಯಾಕೆ ಆಗುತ್ತದೆ ಅನ್ನೋದನ್ನು 1995ರಲ್ಲಿ ಡೇವಿಡ್ ಚಾಮರ್ಸ್ 'ಕಷ್ಟದ ಸಮಸ್ಯೆ' ಅಂತ ಕರೆದ. ಅದು ಹಾಗೇ ಇದೆ. ಶಂಕರರ ದೀಪ ಆ ಸಂದಿಯಲ್ಲೇ ಉರಿಯುತ್ತಿರೋದು. ನಾನು ಕೆಂಪಿನ ಪಕ್ಷದವನು, ದೊಡ್ಡಮ್ಮ ದೀಪದ ಪಕ್ಷ. ನಮ್ಮಿಬ್ಬರ ವಾದ ಇನ್ನೂ ನಡೆಯುತ್ತಿದೆ.

ಜಮೀನಿನ ವಿಷಯ ಹೇಳಿಲ್ಲ ಅಲ್ವಾ? ಆರು ತಿಂಗಳಾದ ಮೇಲೆ ಅದೇ ನೆಂಟರನ್ನು ಕರೆಸಿ, ದೊಡ್ಡಪ್ಪನನ್ನು ಮಧ್ಯ ಕೂರಿಸಿ, ಒಂದೊಂದೇ ಪ್ರಶ್ನೆ ಕೇಳಿದೆವು. ಮಾರೋದು ಬೇಡವಾ? ಕೈ ಅಡ್ಡ ಆಡಿತು. ಮಾರೋಣವಾ? ಮೇಲೆ. ಎರಡು ಎಕರೆ? ಅಡ್ಡ. ಆಮೇಲೆ ಎಡಗೈಯ ಒಂದು ಬೆರಳು ಎತ್ತಿ ತೋರಿಸಿದರು. ಒಂದೇ ಎಕರೆ. ಯಾವ ಕಡೆಯದು ಅಂತಲೂ ಕಿಟಕಿಯತ್ತ ತೋರಿಸಿದರು. ನೀರು ನಿಲ್ಲುವ ಕಡೆಯದು, ಅಡಿಕೆಗೆ ಆಗದ್ದು. ಲೆಕ್ಕ ಸರಿಯಾಗಿತ್ತು. ಅವತ್ತು ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು, ಅರ್ಧ ಗಂಟೆ ತೆಗೆದುಕೊಂಡು, ಸೊಟ್ಟಸೊಟ್ಟಾಗಿ ಸಹಿ ಮಾಡಿದರು.

ಈಗ ಇಪ್ಪತ್ತು, ಮೂವತ್ತು ಮಾತು ಬರುತ್ತದೆ. ನನ್ನ ಹೆಸರು ಬರುತ್ತದೆ. ಕವಳ ಬಿಡಿಸಿದ್ದಾರೆ, ಅದರ ಬಗ್ಗೆ ಅವರಿಗೆ ಸಿಟ್ಟಿದೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ತಾಳಮದ್ದಳೆಗೆ ಹೋಗಿ ಅರ್ಥಧಾರಿಗಳ ಸಾಲು ಬಿಟ್ಟು ಭಾಗವತರ ಪಕ್ಕ ಕೂತರು. ವಾಲಿಯ ಪದ್ಯ ಬಂದಾಗ ಭಾಗವತರು ತಾವು ನಿಲ್ಲಿಸಿ ಅವರಿಗೆ ಬಿಟ್ಟುಕೊಟ್ಟರು.